ಊರು ಬಿಟ್ಟರೆ ಓದನ್ನೂ ಬಿಡಬೇಕೆ?

ಒಂದು ಊರಿನಿಂದ ಇನ್ನೊಂದು ಊರಿಗೆ ಸಂಸಾರ ಸಾಗಿಸುವವರು ಏನೇನನ್ನು ಜೊತೆಯಲ್ಲಿ ಒಯ್ಯಬಹುದು ಎಂಬ ವಿಷಯದಲ್ಲಿ ನಮ್ಮ ಸರ್ಕಾರ ಇತ್ತೀಚೆಗೆ ಬಹಳ ಉದಾರವಾಗಿದೆ. ಬ್ಯಾಂಕಿನಲ್ಲಿಟ್ಟ ಹಣವನ್ನು ಒಯ್ಯಬಹುದು. ಅಡುಗೆ ಅನಿಲದ ಸಂಪರ್ಕವನ್ನು ಒಯ್ಯಬಹುದು. ಮತದಾರರ ಪಟ್ಟಿಯಲ್ಲಿರುವ ಹೆಸರನ್ನು ಒಯ್ಯಬಹುದು. ೨೦೧೧ರ ಜನವರಿಯಿಂದ ಈಚೆಗೆ, ಕಂಪೆನಿಯನ್ನು ಬದಲಾಯಿಸಿದರೂ ಹಳೆಯ ಮೊಬೈಲ್ ಸಂಖ್ಯೆಯನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಬಹುದು. ಇಷ್ಟೆಲ್ಲ ಆದಮೇಲೆ ಒಯ್ಯಲು ಬಾರದ ಸಾಮಾನು ಒಂದು ಉಳಿದಿದೆ. ಅದು ಒಂದು ಸರ್ಕಾರಿ ಕಾಲೇಜಿನಲ್ಲಿ ವರ್ಷವಿಡೀ ಕುಳಿತು ಓದಿ, ಪರೀಕ್ಷೆ ಬರೆದು, ಪಾಸು ಮಾಡಿಕೊಂಡ ಓದು. ಅದನ್ನು ಮಾತ್ರ ಹಳೆಯ ಮನೆಯ ಒಲೆಯ ಹಾಗೆ ಅಲ್ಲಿಯೇ ಬಿಟ್ಟು ಬರಬೇಕು.

ಇದು ಅತಿಶಯೋಕ್ತಿ ಎನ್ನುವವರು ನಮ್ಮ ಮನೆಯಲ್ಲಿ ನಡೆದುದನ್ನು ಸ್ವಲ್ಪ ಕೇಳಬೇಕು.

ನನ್ನ ತಮ್ಮನ ಮಗಳು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿಗೆ ೨೦೨೩ರಲ್ಲಿ ಬಿ.ಎಸ್‌ಸಿ. ತರಗತಿಗೆ ಸೇರಿದಳು. ಅವಳ ಮನೆಯಲ್ಲಿ ವಿಜ್ಞಾನ ಓದಿದ ಮೊದಲನೆಯವಳು. ಎರಡು ಸೆಮಿಸ್ಟರುಗಳು ಸುಸೂತ್ರವಾಗಿ ಮುಗಿದವು. ಭೌತಶಾಸ್ತ್ರದಲ್ಲಿ ಒಳ್ಳೆಯ ಅಂಕಗಳೇ ಬಂದವು. ೨೦೨೪ರ ಮಳೆಗಾಲದಲ್ಲಿ ನನ್ನ ತಮ್ಮ ತೀರಿಕೊಂಡ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು. ಅವನು ಹೋದಮೇಲೆ ಆ ಊರಿನಲ್ಲಿ ಆ ಸಂಸಾರಕ್ಕೆ ಹಿಡಿದುಕೊಳ್ಳುವ ಕೊಂಬೆ ಉಳಿಯಲಿಲ್ಲ. ಅವನ ಹೆಂಡತಿ ಮಗಳನ್ನೂ, ಏಳನೆಯ ತರಗತಿಯ ಮಗನನ್ನೂ ಕರೆದುಕೊಂಡು ಬೆಂಗಳೂರಿಗೆ ಬಂದು, ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದಳು.

ಮಗನನ್ನು ಶಾಲೆಗೆ ಸೇರಿಸಲು ನಾನೇ ಹೋಗಿದ್ದೆ. ವರ್ಗಾವಣೆ ಪತ್ರ ಇನ್ನೂ ಬಂದಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಹುಡುಗನ ಹೆಸರು ಬರೆದುಕೊಂಡು, “ಪತ್ರ ಬಂದಾಗ ಕೊಡಿ, ಇವತ್ತೇ ಕೂರಲಿ” ಎಂದರು. ಹುಡುಗ ಅಂದೇ ಮಧ್ಯಾಹ್ನ ಅಲ್ಲಿ ಊಟ ಮಾಡಿದ. ಆ ತಾಯಿಯ ಹೃದಯ ದೊಡ್ಡದಿರಬಹುದು. ಆದರೆ ಅದಕ್ಕಿಂತ ದೊಡ್ಡದಾದ ಒಂದು ಕಾಯಿದೆಯೂ ಅವರ ಬೆನ್ನಿಗಿತ್ತು. ಮಕ್ಕಳ ಕಡ್ಡಾಯ ಶಿಕ್ಷಣದ ೨೦೦೯ರ ಕಾಯಿದೆಯ ಐದನೆಯ ಪ್ರಕರಣ ಈ ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ: ಮಗುವಿಗೆ ಇನ್ನೊಂದು ಸರ್ಕಾರಿ ಶಾಲೆಗೆ ವರ್ಗವಾಗುವ ಹಕ್ಕು ಉಂಟು, ಹಳೆಯ ಶಾಲೆಯ ಮುಖ್ಯಸ್ಥರು ಪತ್ರವನ್ನು ಕೂಡಲೇ ಕೊಡಬೇಕು, ಪತ್ರ ತಡವಾಯಿತೆಂಬ ನೆಪದಿಂದ ಹೊಸ ಶಾಲೆಯವರು ಪ್ರವೇಶವನ್ನು ತಡೆಯಬಾರದು, ತಡಮಾಡಿದವರ ಮೇಲೆ ಶಿಸ್ತಿನ ಕ್ರಮ ಜರುಗಿಸಬಹುದು.

ಹುಡುಗಿಯನ್ನು ಕಾಲೇಜಿಗೆ ಸೇರಿಸಲು ಹೋದಾಗ ನನಗೆ ಗೊತ್ತಾದುದೇನೆಂದರೆ, ಹದಿನಾಲ್ಕು ವರ್ಷದ ತನಕ ಮನುಷ್ಯನಿಗೆ ಇರುವ ಈ ಹಕ್ಕು ಹದಿನೆಂಟು ತುಂಬುವ ಹೊತ್ತಿಗೆ ಆವಿಯಾಗಿರುತ್ತದೆ.

ಬೆಂಗಳೂರಿನ ಸರ್ಕಾರಿ ಕಾಲೇಜಿನವರು ಕೆಟ್ಟವರಲ್ಲ. “ಹಳೆಯ ಕಾಲೇಜಿನ ನಿರಾಕ್ಷೇಪಣಾ ಪತ್ರ ತನ್ನಿ” ಎಂದರು. ಹಳೆಯ ಕಾಲೇಜಿನವರೂ ಕೆಟ್ಟವರಲ್ಲ. “ಹೊಸ ಕಾಲೇಜಿನವರು ಸೇರಿಸಿಕೊಳ್ಳುತ್ತೇವೆಂದು ಬರೆದುಕೊಟ್ಟರೆ ತಾನೆ ನಾವು ಬಿಡುವುದು?” ಎಂದರು. ಇದು ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯ ಸರ್ಕಾರಿ ಮುದ್ರಣ. ಹೇಗೋ ಒಬ್ಬರು ಪುಣ್ಯಾತ್ಮರು ಮೊದಲು ದಸ್ಕತ್ತು ಹಾಕಿದರು. ಆಮೇಲೆ ವಿಶ್ವವಿದ್ಯಾನಿಲಯದ ವಲಸೆ ಪತ್ರ, ಅದಕ್ಕೆ ಶುಲ್ಕ. ಆಮೇಲೆ ಹೊಸ ವಿಶ್ವವಿದ್ಯಾನಿಲಯದ ಅರ್ಹತಾ ಪತ್ರ, ಅದಕ್ಕೂ ಶುಲ್ಕ. ಅರ್ಹತೆಗೆ ಎರಡನೆಯ ಸೆಮಿಸ್ಟರಿನ ಮೂಲ ಅಂಕಪಟ್ಟಿ ಬೇಕು. ಅಂಕಗಳು ಫೋನಿನಲ್ಲಿ ಕಾಣುತ್ತಿದ್ದವು; ಕಾಗದದ ಮೇಲೆ ಇನ್ನೂ ಇಳಿದಿರಲಿಲ್ಲ. “ಇದನ್ನೇ ನೋಡಿ ಸ್ವಾಮಿ” ಎಂದರೆ, ಗುಮಾಸ್ತರು ಮರುಕದಿಂದಲೇ, “ಫೋನಿಗೆ ಮೊಹರು ಹಾಕಲು ಬರುವುದಿಲ್ಲವಲ್ಲ” ಎಂದರು. ಕೊನೆಗೆ ಉಳಿದದ್ದು ಪಠ್ಯಕ್ರಮದ ಸಮಾನತೆ. ಅಲ್ಲಿ ಓದಿದ ಭೌತಶಾಸ್ತ್ರ ಇಲ್ಲಿ ಓದಿಸುವ ಭೌತಶಾಸ್ತ್ರಕ್ಕೆ ಸಮವೇ ಎಂಬುದನ್ನು ಒಂದು ಸಮಿತಿ ನೋಡಬೇಕು. ಆ ಸಮಿತಿ ಸಭೆ ಸೇರಬೇಕು.

ಹುಡುಗಿ ಈ ಕಾಗದಗಳಿಗಾಗಿ ನಾಲ್ಕು ಸಲ ಊರಿಗೆ ಹೋಗಿ ಬಂದಳು. ೨೦೨೩ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲ. ಆದ್ದರಿಂದ ದುಡ್ಡು ಹೋಗಲಿಲ್ಲ. ಆದರೆ ದಿನ ಹೋಯಿತು. ಒಂದು ಸರ್ಕಾರಿ ಇಲಾಖೆ ಅವಳನ್ನು ಪುಕ್ಕಟೆಯಾಗಿ ಕರೆದುಕೊಂಡು ಹೋಗಿ ಇನ್ನೊಂದು ಸರ್ಕಾರಿ ಇಲಾಖೆಯ ಬಾಗಿಲಲ್ಲಿ ನಿಲ್ಲಿಸುತ್ತಿತ್ತು, ಅಷ್ಟೆ. ಎಲ್ಲ ಕಾಗದಗಳೂ ಕೈಗೆ ಬಂದ ದಿನ ನೋಡಿದರೆ ಮೂರನೆಯ ಸೆಮಿಸ್ಟರಿನ ಪ್ರವೇಶದ ಕೊನೆಯ ದಿನಾಂಕ ದಾಟಿತ್ತು. “ಮುಂದಿನ ವರ್ಷ ಬನ್ನಿ” ಎಂದರು.

ಮುಂದಿನ ವರ್ಷ ಹೋದೆವು. ಅಷ್ಟರಲ್ಲಿ ಕೆಳಗಿನ ನೆಲವೇ ಸರಿದಿತ್ತು. ಇದನ್ನು ಓದುಗರು ಸ್ವಲ್ಪ ತಾಳ್ಮೆಯಿಂದ ಗಮನಿಸಬೇಕು. ೨೦೨೧ರಲ್ಲಿ ಕರ್ನಾಟಕ ಸರ್ಕಾರ, ದೇಶದಲ್ಲೇ ಮೊದಲು ನಾವು ಎಂಬ ಹೆಮ್ಮೆಯಿಂದ, ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಯನ್ನು ಜಾರಿಗೆ ತಂದಿತು. ೨೦೨೪ರ ಮೇ ತಿಂಗಳಿನಲ್ಲಿ, ಬೇರೊಂದು ಸರ್ಕಾರ ಅದನ್ನು ಕೈಬಿಟ್ಟು, ೨೦೨೪–೨೫ರ ಸಾಲಿನಿಂದ ಮೂರು ವರ್ಷದ ಪದವಿಗೆ ಹಿಂದಿರುಗಿತು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ನೇಗಿಲ ಕೆಳಗೆ ಸಿಕ್ಕಿದ ಹುಲ್ಲುಗರಿಯನ್ನು ಕೇಳಿದವರು ಯಾರು? ಯಾವ ನೀತಿ ಮೇಲು ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಎರಡಕ್ಕೂ ವಿದ್ವಾಂಸರ ಬೆಂಬಲವಿದೆ. ನಮ್ಮ ಹುಡುಗಿ ೨೦೨೩ರಲ್ಲಿ ಸೇರಿದವಳು, ಎಂದರೆ ಹಳೆಯ ಕ್ರಮದ ಕೊನೆಯ ತಂಡದವಳು. ೨೦೨೫ರಲ್ಲಿ ಅವಳು ಎರಡನೆಯ ವರ್ಷಕ್ಕೆ ಕೂರಬೇಕೆಂದರೆ, ಆ ಕ್ರಮದ ಎರಡನೆಯ ವರ್ಷದ ತರಗತಿಯೇ ನಡೆಯುತ್ತಿರಲಿಲ್ಲ. ಬಸ್ಸು ತಪ್ಪಿತೆಂದು ಮುಂದಿನ ಬಸ್ಸಿಗೆ ಕಾಯುತ್ತ ನಿಂತವಳಿಗೆ, ಈ ದಾರಿಯಲ್ಲಿ ಇನ್ನು ಬಸ್ಸೇ ಇಲ್ಲ ಎಂದು ಹೇಳಿದ ಹಾಗಾಯಿತು.

“ಮೊದಲನೆಯ ವರ್ಷಕ್ಕೆ ಹೊಸದಾಗಿ ಸೇರಿಬಿಡಿ, ಅದೇ ಸುಲಭ” ಎಂಬ ಸಲಹೆ ಬಂತು. ಸುಲಭ ಯಾರಿಗೆ ಎಂದು ಯಾರೂ ಕೇಳಲಿಲ್ಲ. ಅವಳು ಸೇರಿದಳು. ಎರಡು ವರ್ಷ ಹಿಂದೆ ಬಿದ್ದು, ಆಗಲೇ ಪಾಸು ಮಾಡಿದ್ದ ಪಾಠಗಳ ಮುಂದೆ ಮತ್ತೆ ಕೈಕಟ್ಟಿ ಕುಳಿತಳು.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ಇಲ್ಲದಿದ್ದರೆ ಈ ಲೇಖನ ಬರೆಯುವ ಯೋಗ್ಯತೆ ನನಗಿರುವುದಿಲ್ಲ.

ಮೂವತ್ತು ವರ್ಷ ನಾನೂ ಕಾಲೇಜಿನಲ್ಲಿ ಪಾಠ ಹೇಳಿದವನು. ಅದರಲ್ಲಿ ಕೆಲವು ವರ್ಷ ಇಂಥದೇ ಒಂದು ಸಮಾನತೆಯ ಸಮಿತಿಯಲ್ಲಿ ಸದಸ್ಯನಾಗಿದ್ದವನು. ವರ್ಷಕ್ಕೆ ಒಂದೆರಡು ಸಲ ಸಭೆ. ಮೇಜಿನ ಮೇಲೆ ಕಡತಗಳ ರಾಶಿ, ಉಪ್ಪಿಟ್ಟು, ಕಾಫಿ. ಎರಡು ಪಠ್ಯಕ್ರಮಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಿದ್ದೆವು. ಅಲ್ಲಿನ ಮೊದಲ ವರ್ಷದಲ್ಲಿ ಒಂದು ಅಧ್ಯಾಯ ಇಲ್ಲದಿದ್ದರೆ, ಅದು ಅಲ್ಲಿ ಎರಡನೆಯ ವರ್ಷಕ್ಕೆ ಇದೆಯೇ ಎಂದು ಪುಟ ತಿರುಗಿಸುವ ಶ್ರಮವನ್ನೂ ಎಷ್ಟೋ ಸಲ ತೆಗೆದುಕೊಳ್ಳುತ್ತಿರಲಿಲ್ಲ. “ಸಮಾನವಲ್ಲ” ಎಂದು ಬರೆದರೆ ಕಡತ ಮುಗಿಯುತ್ತಿತ್ತು. “ಸಮಾನ” ಎಂದು ಬರೆದರೆ, ಏಕೆ ಎಂದು ಯಾರಾದರೂ ಮುಂದೆ ಕೇಳಬಹುದು. ಬೇಡ ಎಂದವನನ್ನು ಯಾವ ಲೆಕ್ಕಪರಿಶೋಧಕನೂ ಪ್ರಶ್ನಿಸುವುದಿಲ್ಲ. ಆಗಲಿ ಎಂದವನ ಮೇಲೆ ಎಲ್ಲರ ಕಣ್ಣು. ನಮ್ಮ ಕಛೇರಿಗಳ ಧರ್ಮಶಾಸ್ತ್ರದ ತಿರುಳೇ ಇದು. ನಾನು ಹಾಗೆ ಬರೆದ ಕಡತಗಳಲ್ಲಿ ಒಬ್ಬೊಬ್ಬ ವಿದ್ಯಾರ್ಥಿ ಇದ್ದ, ಅವನ ಹಿಂದೆ ಒಂದು ಮನೆ ಇತ್ತು, ಆ ಮನೆಯಲ್ಲಿ ಏನೋ ಒಂದು ನಡೆದಿತ್ತು ಎಂಬುದು ನನ್ನ ಮನೆಯಲ್ಲೇ ನಡೆಯುವ ತನಕ ನನಗೆ ಹೊಳೆಯಲಿಲ್ಲ. ಆದ್ದರಿಂದ ಕೆಳಗೆ ನಾನು ಎತ್ತುವ ಬೆರಳು ಮೊದಲು ನನ್ನ ಕಡೆಗೇ ತಿರುಗಿದೆ ಎಂದು ತಿಳಿಯಬೇಕು.

ಈಗ ವಾದಕ್ಕೆ ಬರೋಣ.

ನಮ್ಮ ರಾಜ್ಯದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಾನೂರಕ್ಕೂ ಮಿಕ್ಕಿ ಇವೆ. ಇವೆಲ್ಲವುಗಳ ಯಜಮಾನ ಒಬ್ಬನೇ: ಕಾಲೇಜು ಶಿಕ್ಷಣ ಇಲಾಖೆ. ಅಧ್ಯಾಪಕರನ್ನು ನೇಮಿಸುವವರು ಒಬ್ಬರೇ, ಸಂಬಳ ಕೊಡುವವರು ಒಬ್ಬರೇ, ಕಟ್ಟಡ ಕಟ್ಟಿಸುವವರು ಒಬ್ಬರೇ. ಮಲೆನಾಡಿನ ಕಾಲೇಜಿನಲ್ಲಿ ಪಾಠ ಹೇಳುವ ಅಧ್ಯಾಪಕನಿಗೆ ನಾಳೆ ಬೆಂಗಳೂರಿಗೆ ವರ್ಗವಾದರೆ ಅವನ ಸೇವಾ ಪುಸ್ತಕ ಅವನ ಹಿಂದೆಯೇ ಬರುತ್ತದೆ. ಅವನು ಹೊಸದಾಗಿ ಸಂದರ್ಶನ ಕೊಡಬೇಕಾಗಿಲ್ಲ. ಅಲ್ಲಿ ಕಲಿಸಿದ ಭೌತಶಾಸ್ತ್ರ ಇಲ್ಲಿನದಕ್ಕೆ ಸಮವಲ್ಲವೆಂದು ಅವನ ವೇತನವನ್ನು ಯಾರೂ ಮೊದಲ ಮೆಟ್ಟಿಲಿಗೆ ಇಳಿಸುವುದಿಲ್ಲ. ಅಲ್ಲಿ ಅವನಿಂದ ಪಾಠ ಕೇಳಿದ ಹುಡುಗಿ ಅದೇ ದಾರಿಯಲ್ಲಿ ಬಂದರೆ ಮಾತ್ರ ಅವಳ ಓದು ಸಮವಲ್ಲ! ಕಲಿಸಿದವನು ಇಲ್ಲಿಗೆ ಸಲ್ಲುತ್ತಾನೆ, ಅವನು ಕಲಿಸಿದ್ದು ಸಲ್ಲುವುದಿಲ್ಲ. ಈ ತರ್ಕವನ್ನು ಬಲ್ಲವರು ಬಿಡಿಸಿ ಹೇಳಬೇಕು.

ವರ್ಗಾವಣೆ ಎಂಬುದು ನಮ್ಮ ಆಡಳಿತ ಕನ್ನಡದ ಅತ್ಯಂತ ಪವಿತ್ರ ಶಬ್ದ. ಶಾಲಾ ಶಿಕ್ಷಕರ ವರ್ಗಾವಣೆಯನ್ನು ನಿಯಂತ್ರಿಸಲೆಂದೇ ೨೦೦೭ರಲ್ಲಿ ವಿಧಾನಮಂಡಲ ಒಂದು ಪ್ರತ್ಯೇಕ ಕಾಯಿದೆಯನ್ನು ಮಾಡಿತು. ಶಿಕ್ಷಕರ ವರ್ಗಾವಣೆಯ ನಿಯಮಗಳಲ್ಲಿ ಗಣಕದ ಮುಂದೆ ಕುಳಿತು ಸ್ಥಳ ಆರಿಸಿಕೊಳ್ಳುವ ವಿಧಾನವಿದೆ, ಪತಿ ಪತ್ನಿ ಒಂದೆಡೆ ಇರಬೇಕೆಂಬ ಕನಿಕರವಿದೆ, ಕಾಯಿಲೆಯವರಿಗೆ ವಿಧವೆಯರಿಗೆ ಆದ್ಯತೆ ಇದೆ. ಇದೆಲ್ಲ ಇರಬೇಕಾದದ್ದೇ, ನನಗೆ ಹೊಟ್ಟೆಯುರಿಯಿಲ್ಲ. ಆದರೆ ಶಿಕ್ಷಕಿ ವಿಧವೆಯಾದರೆ ಅವಳಿಗೆ ಒಂದು ನಿಯಮ ಉಂಟು. ವಿದ್ಯಾರ್ಥಿನಿ ತಂದೆಯಿಲ್ಲದವಳಾದರೆ ಅವಳಿಗೆ “ಮುಂದಿನ ವರ್ಷ ಬನ್ನಿ” ಉಂಟು. ಶಿಕ್ಷಣ ಇಲಾಖೆ ಯಾರಿಗಾಗಿ ಇದೆ ಎಂದು ಕೇಳುವುದು ತಪ್ಪೆ?

೧೯೫೬ರ ನವೆಂಬರ್ ಒಂದರಂದು ನಾವು ಒಂದಾದೆವು ಎಂದು ಪ್ರತಿವರ್ಷ ಬಾವುಟ ಹಾರಿಸುತ್ತೇವೆ. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹೋಗಿದ್ದ ಕನ್ನಡಿಗರ ನಡುವಿನ ಗಡಿಕಲ್ಲುಗಳನ್ನು ಕಿತ್ತೆವು. ಕಿತ್ತ ಕಲ್ಲುಗಳನ್ನು ಎಲ್ಲಿ ಹಾಕಿದೆವೆಂದು ಈಗ ಗೊತ್ತಾಗುತ್ತದೆ: ವಿಶ್ವವಿದ್ಯಾನಿಲಯಗಳ ನಡುವೆ. ೧೯೫೬ರಲ್ಲಿ ನಮಗಿದ್ದ ವಿಶ್ವವಿದ್ಯಾನಿಲಯಗಳು ಎರಡು, ಮೈಸೂರು ಮತ್ತು ಧಾರವಾಡ. ೧೯೬೪ರಲ್ಲಿ ಬೆಂಗಳೂರು, ೧೯೮೦ರಲ್ಲಿ ಮಂಗಳೂರು ಮತ್ತು ಗುಲ್ಬರ್ಗ, ೧೯೮೭ರಲ್ಲಿ ಕುವೆಂಪು ಹೀಗೆ ಬೆಳೆದು, ಈಗ ಸರ್ಕಾರದ ವಿಶ್ವವಿದ್ಯಾನಿಲಯಗಳೇ ಮೂವತ್ತನ್ನು ಮೀರಿವೆ. ೨೦೨೨ರಲ್ಲಿ ಒಂದೇ ಕಾಯಿದೆಯಿಂದ ಏಳು ಹೊಸವು ಹುಟ್ಟಿದವು. ೨೦೨೫ರ ಫೆಬ್ರುವರಿಯಲ್ಲಿ ಒಂಬತ್ತನ್ನು ಮುಚ್ಚುವ ಮಾತು ಹೊರಟಿತು. ಒಂದೊಂದು ವಿಶ್ವವಿದ್ಯಾನಿಲಯ ಹುಟ್ಟಿದಾಗಲೂ ಅದಕ್ಕೊಂದು ಪ್ರತ್ಯೇಕ ಪಠ್ಯಕ್ರಮ, ಪ್ರತ್ಯೇಕ ಅರ್ಹತಾ ಪತ್ರ, ಪ್ರತ್ಯೇಕ ಮೊಹರು. ವಿದ್ಯೆ ಮನೆಯ ಹತ್ತಿರಕ್ಕೆ ಬರಲೆಂದು ಜಿಲ್ಲೆಗೊಂದು ವಿಶ್ವವಿದ್ಯಾನಿಲಯ ಮಾಡಿದೆವು. ಜಿಲ್ಲೆಗೊಂದು ಸುಂಕದ ಕಟ್ಟೆಯನ್ನೂ ಜೊತೆಯಲ್ಲೇ ಕಟ್ಟಿಕೊಂಡೆವು.

ಹಳೆಯ ಗಡಿಗಳಿದ್ದ ಕಾಲದಲ್ಲಿ ಏನಾಗುತ್ತಿತ್ತು ನೋಡಿ. ಚಿಕ್ಕ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಒಬ್ಬ ಹುಡುಗ ಬೆಂಗಳೂರಿಗೆ ಬಂದು, ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಳ್ಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿದ. ಆ ಕಾಲೇಜು ಆಗ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ೧೮೮೧ರಲ್ಲಿ ಬಿ.ಎ. ಮಾಡಿ, ಮೈಸೂರು ಸರ್ಕಾರದ ಸಹಾಯಧನದಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋದ; ಅದು ಮುಂಬಯಿ ವಿಶ್ವವಿದ್ಯಾನಿಲಯದ್ದು. ೧೮೮೩ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲನೆಯವನಾಗಿ ತೇರ್ಗಡೆಯಾದ. ಆ ಹುಡುಗನೇ ಮೋಕ್ಷಗುಂಡಂ ವಿಶ್ವೇಶ್ವರಯ್ಯ. ದಿವಾನರಾಗಿದ್ದಾಗ, ೧೯೧೬ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಗೆ ಕಾರಣರಾದವರು. ಅವರು ಪದವಿ ಮುಗಿಸಿ ಹೋದವರು, ನಡುವೆ ಬಿಟ್ಟು ಹೋದವರಲ್ಲ ಎಂದು ತಕರಾರು ಬರಬಹುದು. ಒಪ್ಪಿದೆ. ನಾನು ಹೇಳುವುದು ಇಷ್ಟೇ: ಒಂದು ಸಂಸ್ಥಾನದ ಹುಡುಗ, ಇನ್ನೊಂದು ಪ್ರಾಂತದ ಪದವಿ, ಮತ್ತೊಂದು ಪ್ರಾಂತದ ಕಾಲೇಜು ಇವು ಮೂರೂ ನೂರನಲವತ್ತು ವರ್ಷದ ಹಿಂದೆ ಕೂಡಿ ಬಂದವು. ಕಾಗದ ಎತ್ತಿನ ಗಾಡಿಯಲ್ಲೂ ಉಗಿಬಂಡಿಯಲ್ಲೂ ಹೋಗುತ್ತಿದ್ದ ಕಾಲ ಅದು. ಈಗ ಕಾಗದ ಕಣ್ಣು ಮಿಟುಕಿಸುವುದರಲ್ಲಿ ಹೋಗುತ್ತದೆ, ಹುಡುಗಿಯೇ ಹೋಗಲಾರಳು.

ಪ್ರತಿವಾದಗಳು ನನಗೆ ಗೊತ್ತು. ನಾನೇ ಅವನ್ನು ಹೇಳಿದವನು.

ಮೊದಲನೆಯದು, ಮಟ್ಟದ ಮಾತು. “ಎಲ್ಲ ಕಾಲೇಜುಗಳ ಮಟ್ಟ ಒಂದೇ ಅಲ್ಲ, ಅಲ್ಲಿಂದ ಬಂದವರು ಇಲ್ಲಿ ನಿಲ್ಲಲಾರರು.” ಹಾಗಾದರೆ ಆ ಮಟ್ಟ ಕಡಿಮೆಯಾಗಿರುವುದು ಯಾರ ತಪ್ಪು? ಅದೇ ಇಲಾಖೆ, ಅದೇ ಸಂಬಳ, ಅದೇ ಸರ್ಕಾರ. ತಾನೇ ನಡೆಸುವ ಒಂದು ಅಂಗಡಿಯ ಅಕ್ಕಿಯನ್ನು ತನ್ನದೇ ಇನ್ನೊಂದು ಅಂಗಡಿಯಲ್ಲಿ ಕಲಬೆರಕೆ ಎನ್ನುವ ವ್ಯಾಪಾರಿಯನ್ನು ಯಾರು ನಂಬುತ್ತಾರೆ? ಮಲೆನಾಡಿನ ಆ ಕಾಲೇಜಿನಲ್ಲಿ ಮೂರು ವರ್ಷ ಓದಿ ಪದವಿ ಪಡೆದವನನ್ನು ಬೆಂಗಳೂರಿನ ಎಂ.ಎಸ್‌ಸಿ. ತರಗತಿಗೆ ಸೇರಿಸಿಕೊಳ್ಳುತ್ತಾರೆ, ಸರ್ಕಾರ ನೌಕರಿಗೂ ತೆಗೆದುಕೊಳ್ಳುತ್ತದೆ. ಪೂರ್ತಿ ಪದವಿ ಸಮವಾದರೆ ಅದರ ಮೂರನೆಯ ಒಂದು ಭಾಗ ಏಕೆ ಸಮವಲ್ಲ? ಇಡೀ ತೆಂಗಿನಕಾಯಿ ಒಳ್ಳೆಯದು, ಹೋಳು ಮಾತ್ರ ಕೆಟ್ಟದ್ದು ಎಂಬುದು ಯಾವ ಲೆಕ್ಕ?

ಎರಡನೆಯದು, ನೂಕುನುಗ್ಗಲಿನ ಭಯ. “ಬಿಟ್ಟರೆ ಎಲ್ಲರೂ ಬೆಂಗಳೂರಿಗೇ ಬರುತ್ತಾರೆ.” ಪದವಿಯ ನಡುವೆ ಊರು ಬಿಡುವವರು ಯಾರೆಂದು ಈ ಮಾತು ಹೇಳುವವರು ಒಮ್ಮೆ ಎಣಿಸಬೇಕು. ತಂದೆ ತೀರಿಕೊಂಡವರು. ಮಳೆ ಕೈಕೊಟ್ಟು ಕೂಲಿ ಹುಡುಕಿ ಬಂದ ಸಂಸಾರದವರು. ನಡುವೆ ಮದುವೆಯಾಗಿ ಗಂಡನ ಊರಿಗೆ ಹೋದ ಹುಡುಗಿಯರು. ಇವರ ಸಂಖ್ಯೆ ಸಣ್ಣದಲ್ಲ, ಮತ್ತು ಇವರ ಓದು ನಿಂತರೆ ಯಾರೂ ಲೆಕ್ಕ ಇಡುವುದಿಲ್ಲ, “ಮದುವೆಯಾಯಿತು” ಎಂದು ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹಾಕುತ್ತಾರೆ. ಚೆನ್ನಾಗಿ ಉಂಡು ಉಟ್ಟು ಇರುವವನು ಎರಡನೆಯ ವರ್ಷದಲ್ಲಿ ಗಂಟುಮೂಟೆ ಕಟ್ಟುವುದಿಲ್ಲ. ಕಟ್ಟಿದರೂ ಅವನಿಗೆ ಹಣ ತೆತ್ತು ಸೇರುವ ಖಾಸಗಿ ಬಾಗಿಲುಗಳು ಬೇಕಾದಷ್ಟಿವೆ. ಸರ್ಕಾರಿ ಕಾಲೇಜಿನಿಂದ ಸರ್ಕಾರಿ ಕಾಲೇಜಿಗೆ ಎಂಬ ದಾರಿ ಬೇಕಾಗಿರುವುದು ಬೇರೆ ದಾರಿ ಇಲ್ಲದವರಿಗೆ.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಳ್ಳಿಗಾಡಿನ ಕಾಲೇಜಿನಲ್ಲಿ ವಿಜ್ಞಾನದ ತರಗತಿಗೆ ಮಕ್ಕಳೇ ಕಡಿಮೆ. ಒಂದಿಬ್ಬರು ಹೋದರೆ ಕಾರ್ಯಭಾರ ಇಳಿಯುತ್ತದೆ. ಕಾರ್ಯಭಾರ ಇಳಿದರೆ ಅತಿಥಿ ಉಪನ್ಯಾಸಕನ ಅನ್ನಕ್ಕೆ ಸಂಚಕಾರ. ಈ ಭಯ ನಿಜವಾದದ್ದು, ಮತ್ತು ಅದಕ್ಕೆ ನನ್ನ ಸಹಾನುಭೂತಿ ಉಂಟು. ಆದರೆ ಒಬ್ಬ ಬಡ ಉಪನ್ಯಾಸಕನ ಕೆಲಸವನ್ನು ಒಬ್ಬ ಬಡ ವಿದ್ಯಾರ್ಥಿನಿಯ ಕಾಲಿಗೆ ಹಗ್ಗ ಕಟ್ಟಿ ಉಳಿಸುವುದು ಸರ್ಕಾರಕ್ಕೆ ಶೋಭೆಯಲ್ಲ. ಅವನಿಗೆ ಕಾಯಂ ಕೆಲಸ ಕೊಡುವುದು ಸರ್ಕಾರದ ಜವಾಬ್ದಾರಿ, ಅವಳದಲ್ಲ.

ನಾಲ್ಕನೆಯದು ವಿಶ್ವವಿದ್ಯಾನಿಲಯಗಳ ಸ್ವಾಯತ್ತತೆ. ಇದು ಗೌರವದ ಮಾತು. ಪಠ್ಯಕ್ರಮವನ್ನು ಮಂತ್ರಿಗಳು ಬರೆಯಬಾರದು ಎಂದು ನಾನೂ ಹೇಳುತ್ತೇನೆ. ಆದರೆ ಸ್ವಾಯತ್ತತೆ ಎಂದರೆ ಏನು ಕಲಿಸಬೇಕೆಂಬ ಸ್ವಾತಂತ್ರ್ಯ, ಬೇರೊಬ್ಬರು ಕಲಿಸಿದ್ದನ್ನು ಅಳಿಸುವ ಅಧಿಕಾರವಲ್ಲ.

ಅಚ್ಚರಿಯೆಂದರೆ, ಇದಕ್ಕೆಲ್ಲ ಬೇಕಾದ ಸಲಕರಣೆ ಆಗಲೇ ನಮ್ಮ ಮನೆಯಲ್ಲಿದೆ. ೨೦೨೧ರ ಜುಲೈಯಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಕ್ರೆಡಿಟ್ಟುಗಳ ಬ್ಯಾಂಕು ಒಂದನ್ನು ಸ್ಥಾಪಿಸುವ ನಿಯಮಗಳನ್ನು ಹೊರಡಿಸಿತು. ವಿದ್ಯಾರ್ಥಿ ಒಂದೆಡೆ ಗಳಿಸಿದ ಕ್ರೆಡಿಟ್ಟು ಅವನ ಖಾತೆಯಲ್ಲಿ ಏಳು ವರ್ಷದ ತನಕ ಜಮೆಯಾಗಿರುತ್ತದೆ, ಇನ್ನೊಂದೆಡೆ ಅದನ್ನು ಬಳಸಿಕೊಳ್ಳಬಹುದು ಎಂಬುದು ಅದರ ಆಶಯ. ನಮ್ಮ ರಾಜ್ಯದ ವಿಶ್ವವಿದ್ಯಾನಿಲಯಗಳಿಗೆ ಪ್ರವೇಶ, ಪರೀಕ್ಷೆ, ಫಲಿತಾಂಶಗಳಿಗಾಗಿ ಒಂದು ಏಕೀಕೃತ ಗಣಕ ವ್ಯವಸ್ಥೆಯೂ ಬಂದಿದೆ. ೨೦೧೮ರಲ್ಲಿಯೇ ಆಯೋಗವು ವಿದ್ಯಾರ್ಥಿಗಳ ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆಗಳು ಹಿಡಿದಿಟ್ಟುಕೊಳ್ಳಬಾರದೆಂದು ಕಟ್ಟಪ್ಪಣೆ ಮಾಡಿದೆ. ಆದರೆ ಬ್ಯಾಂಕಿನಲ್ಲಿ ಹಣವಿದ್ದು ಏನು ಪ್ರಯೋಜನ, ಅಂಗಡಿಯವನು ಆ ನಾಣ್ಯ ಇಲ್ಲಿ ನಡೆಯುವುದಿಲ್ಲ ಎಂದರೆ? ಕೂಡಿಡುವ ನಿಯಮ ಮಾಡಿದೆವು. ಇನ್ನೊಬ್ಬನು ಅದನ್ನು ಸ್ವೀಕರಿಸಲೇಬೇಕೆಂಬ ನಿಯಮ ಮಾಡಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಇಂಥ ಕಡೆಗೇ ಹುಟ್ಟಿದ್ದು.

ಹೊರದೇಶದವರು ಇದನ್ನು ಪೂರ್ತಿ ಬಗೆಹರಿಸಿದ್ದಾರೆಂದು ನಾನು ಹೇಳುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ ೧೯೬೦ರಲ್ಲಿ ಒಂದು ಮಹಾಯೋಜನೆ ಮಾಡಿ, ಊರೂರಿನ ಎರಡು ವರ್ಷದ ಸಾರ್ವಜನಿಕ ಕಾಲೇಜಿನಲ್ಲಿ ಓದಿದವನು ರಾಜ್ಯದ ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ಏರುವ ಮೆಟ್ಟಿಲನ್ನು ಕಟ್ಟಿತು. ಅಲ್ಲಿಯೂ ಮೆಟ್ಟಿಲು ಸವೆದಿದೆ. ಆ ದೇಶದಲ್ಲಿ ಕಾಲೇಜು ಬದಲಾಯಿಸಿದ ವಿದ್ಯಾರ್ಥಿಗಳು ಗಳಿಸಿದ ಕ್ರೆಡಿಟ್ಟುಗಳಲ್ಲಿ ಸರಾಸರಿ ಶೇಕಡ ೪೩ರಷ್ಟು ನಷ್ಟವಾಗುತ್ತಿದೆಯೆಂದು ಅವರದೇ ಸರ್ಕಾರಿ ಲೆಕ್ಕಪರಿಶೋಧನಾ ಕಛೇರಿ ೨೦೧೭ರಲ್ಲಿ ಅಂದಾಜು ಮಾಡಿತು. ವ್ಯತ್ಯಾಸವೇನೆಂದರೆ, ಅವರು ನಷ್ಟವನ್ನು ಎಣಿಸಿದರು, ನಾಚಿಕೊಂಡರು. ೨೦೨೧ರಲ್ಲಿ ಕ್ಯಾಲಿಫೋರ್ನಿಯದ ಶಾಸನಸಭೆ ಸಮುದಾಯ ಕಾಲೇಜುಗಳ ಒಂದೇ ಬಗೆಯ ಪಾಠಗಳಿಗೆ ಒಂದೇ ಸಂಖ್ಯೆ ಇರಬೇಕೆಂದು ಕಾಯಿದೆ ಮಾಡಿತು. ನಮ್ಮಲ್ಲಿ ಹಾಗೆ ಎಣಿಸಿದ ಒಂದು ವರದಿಯೂ ನನ್ನ ಮೂವತ್ತು ವರ್ಷದ ಅಧ್ಯಾಪನದಲ್ಲಿ ನನ್ನ ಮೇಜಿಗೆ ಬರಲಿಲ್ಲ. ಬಂದದ್ದು ಒಂಟೊಂಟಿ ಅರ್ಜಿಗಳು ಮಾತ್ರ.

ಹಾಗಾದರೆ ಏನಾಗಬೇಕು? ನನ್ನ ಬೇಡಿಕೆಗಳು ದೊಡ್ಡವಲ್ಲ.

ಏಳನೆಯ ತರಗತಿಯ ಹುಡುಗನಿಗಿರುವ ಹಕ್ಕು ಅವನ ಅಕ್ಕನಿಗೂ ಇರಲಿ. ಸರ್ಕಾರಿ ಕಾಲೇಜಿನಿಂದ ಸರ್ಕಾರಿ ಕಾಲೇಜಿಗೆ ವರ್ಗವಾಗುವುದು ದಾಕ್ಷಿಣ್ಯವಲ್ಲ, ಹಕ್ಕು ಎಂದು ಕಾಯಿದೆಯಲ್ಲಿ ಬರೆಯಲಿ. ಕಾಗದ ತಡವಾದರೆ ಅದು ಕಾಗದ ಕೊಡಬೇಕಾದವರ ತಪ್ಪೇ ಹೊರತು ವಿದ್ಯಾರ್ಥಿಯದಲ್ಲ ಎಂಬ ಮಾತೂ ಅದರಲ್ಲಿರಲಿ.

ಕಾಗದಗಳನ್ನು ಹುಡುಗಿ ಹೊರಬಾರದು. ಕಛೇರಿ ಕಛೇರಿಯೊಡನೆ ಮಾತನಾಡಲಿ. ೨೦೧೧ರ ಸಕಾಲ ಕಾಯಿದೆಯಿಂದ ಅರ್ಜಿಗೊಂದು ಗಡುವು, ತಪ್ಪಿದರೆ ದಂಡ ಎಂಬ ತತ್ತ್ವವನ್ನು ನಾವು ಒಪ್ಪಿಕೊಂಡಿದ್ದೇವೆ. ಅದೇ ತತ್ತ್ವ ಇಲ್ಲಿಗೂ ಬರಲಿ: ಹದಿನೈದು ದಿನದೊಳಗೆ ಉತ್ತರ ಬರದಿದ್ದರೆ ಒಪ್ಪಿಗೆಯಾಯಿತೆಂದೇ ಅರ್ಥ.

ಪಾಸಾದದ್ದು ಪಾಸಾದದ್ದೇ. ಒಂದು ಅಧ್ಯಾಯ ಕಡಿಮೆಯಿದ್ದರೆ ಆ ಅಧ್ಯಾಯವನ್ನು ಓದಿಸಲಿ. ಅದಕ್ಕಾಗಿ ವರ್ಷವನ್ನು ಕೀಳುವುದು ಬೇಡ. ಅಂಗಿಯ ಗುಂಡಿ ಬಿದ್ದರೆ ಗುಂಡಿ ಹೊಲಿಯುತ್ತೇವೆ, ಅಂಗಿಯನ್ನು ಸುಡುವುದಿಲ್ಲ. ಸಮಾನವಲ್ಲ ಎಂದು ಬರೆಯುವ ಅಧ್ಯಾಪಕ ಯಾವ ಪಾಠ, ಏಕೆ ಸಮಾನವಲ್ಲ ಎಂದು ನಾಲ್ಕು ಸಾಲು ಬರೆದು ದಸ್ಕತ್ತು ಹಾಕಲಿ. ಈ ಒಂದು ನಿಯಮ ನನ್ನ ಕಾಲದಲ್ಲಿದ್ದಿದ್ದರೆ, ನಾಚಿಕೆಯಿಂದ ಹೇಳುತ್ತೇನೆ, ನನ್ನ ಅರ್ಧ ತಿರಸ್ಕಾರಗಳು ಹುಟ್ಟುತ್ತಲೇ ಇರಲಿಲ್ಲ.

ಪ್ರತಿ ತರಗತಿಯಲ್ಲಿಯೂ ಆಪತ್ತಿನಲ್ಲಿ ಬಂದವರಿಗಾಗಿ ನಾಲ್ಕು ಸ್ಥಾನಗಳು ಹೆಚ್ಚಿಗೆ ಇರಲಿ. ಇನ್ನೂ ಒಂದು: ನೀತಿ ಬದಲಾಯಿಸುವ ಸರ್ಕಾರ, ಯಾವ ಸರ್ಕಾರವೇ ಆಗಲಿ, ಹಳೆಯ ಕ್ರಮದ ಕೊನೆಯ ವಿದ್ಯಾರ್ಥಿ ಹೊರಬೀಳುವ ತನಕ ಅವನ ದಾರಿ ಯಾವುದೆಂದು ಬದಲಾವಣೆಯ ಆಜ್ಞೆಯಲ್ಲೇ ಬರೆಯಲಿ. ಸೇತುವೆ ಕೆಡಹುವವನು ಅದರ ಮೇಲೆ ಯಾರೂ ಇಲ್ಲವೆಂದು ಮೊದಲು ನೋಡಬೇಕು.

ಇದಕ್ಕೆ ಹಣ ಬೇಕೆ? ಕಟ್ಟಡ ಬೇಕೆ? ಏನೂ ಬೇಡ. “ಬೇಡ” ಎಂದು ಬರೆಯುವ ಕೈಯನ್ನು ಸ್ವಲ್ಪ ಹಿಡಿಯಬೇಕು, ಅಷ್ಟೆ.

ಮೊನ್ನೆ ಹುಡುಗಿ ಮನೆಗೆ ಬಂದಿದ್ದಳು. ಪ್ರಯೋಗಶಾಲೆಯಲ್ಲಿ ಏನು ಮಾಡಿಸುತ್ತಿದ್ದಾರೆ ಎಂದು ಕೇಳಿದೆ. “ಲೋಲಕ, ದೊಡ್ಡಪ್ಪ” ಎಂದಳು. ದಾರಕ್ಕೆ ಗುಂಡು ಕಟ್ಟಿ ತೂಗಬಿಟ್ಟು, ಅದರ ಆಂದೋಲನಗಳನ್ನು ಎಣಿಸಿ, ಭೂಮಿಯ ಸೆಳೆತವನ್ನು ಲೆಕ್ಕಹಾಕುವ ಪ್ರಯೋಗ. ಊರಿನಲ್ಲೂ ಮೊದಲ ವರ್ಷ ಅದನ್ನೇ ಮಾಡಿದ್ದಳು. ಹಳೆಯ ದಾಖಲೆ ಪುಸ್ತಕ ಅವಳ ಪೆಟ್ಟಿಗೆಯಲ್ಲಿದೆ. “ಉತ್ತರ ಎಷ್ಟು ಬಂತು?” ಎಂದೆ. ನಕ್ಕಳು. “ಅಲ್ಲಿ ಬಂದಷ್ಟೇ ಬಂತು” ಎಂದಳು.

ಭೂಮಿಗೆ ಅಷ್ಟು ಗೊತ್ತಿದೆ. ನಮ್ಮ ವಿಶ್ವವಿದ್ಯಾನಿಲಯಗಳಿಗೆ ಗೊತ್ತಾಗುವುದು ಯಾವಾಗ?